ಹವ್ಯಾಸಿ ಟ್ರಯಥ್ಲೀಟರ ಆಯ್ಕೆ: ಸಂಶೋಧನೆಯ ಮೊದಲ ತೀರ್ಮಾನ

ಈಜು, ಸೈಕಲ್ ಸವಾರಿ ಮತ್ತು ಓಟಗಳನ್ನು ನಡುವೆ ಬಿಡುವಿಲ್ಲದೆ ಒಂದರ ಬೆನ್ನಿಗೊಂದು ಮುಗಿಸಬೇಕಾದ ಟ್ರಯಥ್ಲಾನ್ ಸ್ಪರ್ಧೆಯು 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಓಟಗಾರರ ಕ್ಲಬ್ಬೊಂದರ ಪ್ರಯೋಗವಾಗಿ ಆರಂಭವಾಗಿ, 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್ ಮತ್ತು 10 ಕಿ.ಮೀ. ಓಟದ ರೂಪದಲ್ಲಿ 2000ದ ಸಿಡ್ನಿ ಒಲಿಂಪಿಕ್ಸನ್ನು ಪ್ರವೇಶಿಸಿತು. ವ್ಯಾಯಾಮದಿಂದ ದೇಹದಲ್ಲಿ ಆಗುವ ಬದಲಾವಣೆಗಳನ್ನು ಅಳೆದು ಅರ್ಥೈಸುವ ವ್ಯಾಯಾಮ ವಿಜ್ಞಾನಕ್ಕೆ ಈ ಕ್ರೀಡೆಯ ಹವ್ಯಾಸಿಗಳು, ಅಂದರೆ ಉದ್ಯೋಗ ಮತ್ತು ಸಂಸಾರಗಳ ನಡುವೆ ಬೆಳಗಿನ ಜಾವ ಅಭ್ಯಾಸ ಮಾಡುವವರು, ಬಹಳ ಬೇಕಾದವರು. ಒಂದೇ ಹೃದಯ ಮತ್ತು ಶ್ವಾಸಕೋಶಗಳು ಬೇರೆ ಬೇರೆ ಸ್ನಾಯುಗಳಿಗೆ ಹೇಗೆ ದುಡಿಯುತ್ತವೆ, ಸೈಕಲ್ಲಿನಿಂದ ಇಳಿದು ಓಡತೊಡಗಿದಾಗ ಕಾಲುಗಳು ಏಕೆ ಭಾರವಾಗುತ್ತವೆ ಎಂಬಂಥ ಪ್ರಶ್ನೆಗಳಿಗೆ ಅವರ ದೇಹದಲ್ಲಿ ಉತ್ತರ ಸಿಗುತ್ತದೆ; ವೃತ್ತಿಪರರಾದರೋ ಸಂಖ್ಯೆಯಲ್ಲಿ ಕಡಿಮೆ, ಅವರ ವೇಳಾಪಟ್ಟಿಯೂ ಬಿಗಿಯಾದದ್ದು. ಅಮೆರಿಕ ಮತ್ತು ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಇಂಥವರನ್ನು ಸಂಶೋಧನೆಗೆ ಸೇರಿಸಿಕೊಳ್ಳುವ ಕ್ರಮವು ಉಪಯುಕ್ತವಾದದ್ದೇ ಆದರೂ, ಅದನ್ನು ಅಧ್ಯಯನದ ಪೂರ್ವಸಿದ್ಧತೆ ಎಂದಷ್ಟೇ ಭಾವಿಸಿರುವುದರಿಂದ ಅದರ ದೋಷಗಳು ಫಲಿತಾಂಶದೊಳಗೇ ಉಳಿದುಬಿಡುತ್ತವೆ.

ಸ್ವಯಂಸೇವಕರನ್ನು ಆಹ್ವಾನಿಸುವ ಪ್ರಕಟಣೆಗಳ ಸ್ವರೂಪ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನಿಗದಿತ ವಯೋಮಿತಿ, ವಾರಕ್ಕೆ ಇಂತಿಷ್ಟು ಗಂಟೆಗಳ ಅಭ್ಯಾಸ, ಕನಿಷ್ಠ ಒಂದು ಸ್ಪರ್ಧೆಯನ್ನು ಮುಗಿಸಿದ ಅನುಭವ ಮತ್ತು ಇತ್ತೀಚೆಗೆ ಗಾಯವಾಗಿರದಿರುವುದು ಅರ್ಹತೆಗಳಾದರೆ, ವಿ.ಓ.2 ಮ್ಯಾಕ್ಸ್ ಪರೀಕ್ಷೆಯನ್ನು ಉಚಿತವಾಗಿ ಮಾಡಿಕೊಡುವುದು ಮುಖ್ಯ ಆಕರ್ಷಣೆ. ದೇಹವು ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದು ಎಂಬುದನ್ನು ತಿಳಿಸುವ ಈ ಅಳತೆಯನ್ನು ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ ಇಷ್ಟು ಮಿಲಿಲೀಟರ್ ಎಂದು ಸೂಚಿಸಲಾಗುತ್ತದೆ.

ಮೊದಲ ದೋಷವಿರುವುದು ಸ್ವಯಂಸೇವಕರಿಗೆ ಅಂಟಿಸುವ ‘ತರಬೇತಿ ಪಡೆದ’ ಎಂಬ ವಿಶೇಷಣದಲ್ಲಿ. ಒಲಿಂಪಿಕ್ ದೂರವನ್ನು ಎರಡೂಕಾಲು ಗಂಟೆಯಲ್ಲಿ ಮುಗಿಸುವವರೂ ಮೂರೂವರೆ ಗಂಟೆ ತೆಗೆದುಕೊಳ್ಳುವವರೂ ಈ ಒಂದೇ ಮಾತಿನಡಿ ಸೇರಿಬಿಟ್ಟರೆ, ಒಂದು ಆಹಾರಕ್ರಮ ಅಥವಾ ತರಬೇತಿ ವಿಧಾನ ಯಾರಿಗೆ ಫಲಿಸಿತು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. 2022ರಲ್ಲಿ ಮೆಕೇ ಮತ್ತು ಸಹಲೇಖಕರು ಕ್ರೀಡಾ ಸಂಶೋಧನೆಗೆಂದು ರೂಪಿಸಿದ ವರ್ಗೀಕರಣವು, ವ್ಯಾಯಾಮವಿಲ್ಲದವರಿಂದ ವಿಶ್ವಮಟ್ಟದ ಸ್ಪರ್ಧಿಗಳವರೆಗೆ, 0ಯಿಂದ 5ರವರೆಗಿನ ಆರು ಹಂತಗಳನ್ನು ಗುರುತಿಸಿ, ಅಭ್ಯಾಸದ ಪ್ರಮಾಣ ಮತ್ತು ಸ್ಪರ್ಧೆಯ ಮಟ್ಟಗಳಿಗೆ ಮಾನದಂಡ ಒದಗಿಸುತ್ತದೆ. ಅಂಥ ಹಂತವನ್ನು ಪ್ರಕಟಣೆಯಲ್ಲೇ ನಮೂದಿಸುವುದಕ್ಕೆ ಖರ್ಚೇನೂ ಇಲ್ಲ. ನಮೂದಿಸದಿದ್ದರೆ ಫಲಿತಾಂಶ ಯಾರಿಗೆ ಅನ್ವಯಿಸುತ್ತದೆ ಎಂಬುದೇ ಮಸುಕಾಗುತ್ತದೆ.

ಎರಡನೆಯ ದೋಷವು ಯಾರು ಮುಂದೆ ಬರುತ್ತಾರೆ ಎಂಬುದಕ್ಕೆ ಸಂಬಂಧಿಸಿದ್ದು. ದುಬಾರಿ ಸೈಕಲ್, ಈಜುಕೊಳದ ಶುಲ್ಕ ಮತ್ತು ಸ್ಪರ್ಧೆಯ ಪ್ರವೇಶಧನಗಳನ್ನು ಭರಿಸಬಲ್ಲವರೇ ಈ ಕ್ರೀಡೆಯಲ್ಲಿ ಹೆಚ್ಚಾಗಿರುವಾಗ, ವಾರದ ದಿನಗಳಲ್ಲಿ ಹಗಲು ಹೊತ್ತು ಪ್ರಯೋಗಾಲಯಕ್ಕೆ ಹಲವು ಬಾರಿ ಬರಬೇಕೆಂಬ ಷರತ್ತು ಆ ವಲಯವನ್ನು ಇನ್ನಷ್ಟು ಕಿರಿದುಗೊಳಿಸಿ, ಪಾಳಿಯಲ್ಲಿ ದುಡಿಯುವವರನ್ನೂ ಎಳೆಯ ಮಕ್ಕಳ ತಾಯಂದಿರನ್ನೂ ಹೊರಗಿಡುತ್ತದೆ. ಮಹಿಳೆಯರ ವಿಷಯದಲ್ಲಿ ಈ ಕೊರತೆ ಲೆಕ್ಕಕ್ಕೇ ಸಿಕ್ಕಿದೆ: ಕ್ರೀಡಾ ವೈದ್ಯಶಾಸ್ತ್ರದ ಮೂರು ಪ್ರಮುಖ ನಿಯತಕಾಲಿಕಗಳಲ್ಲಿ 2011ರಿಂದ 2013ರವರೆಗೆ ಬಂದ 1,382 ಲೇಖನಗಳನ್ನು ಪರಿಶೀಲಿಸಿ ಕಾಸ್ಟೆಲ್ಲೋ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಮಹಿಳೆಯರು ಶೇ. 39 ಮಾತ್ರ. ಋತುಚಕ್ರದ ಹಾರ್ಮೋನುಗಳಿಂದ ಅಳತೆಗಳು ಏರುಪೇರಾಗುತ್ತವೆ ಎಂಬ ಕಾರಣ ಕೊಟ್ಟು ಮಹಿಳೆಯರನ್ನು ಕೈಬಿಡುವುದು ಕೆಲಸವನ್ನು ಹಗುರಗೊಳಿಸಬಹುದು. ಆದರೆ ಆ ಏರುಪೇರು ಕೂಡ ಮನುಷ್ಯದೇಹದ ಸತ್ಯವೇ ಆಗಿರುವುದರಿಂದ, ಚಕ್ರದ ಹಂತವನ್ನು ದಾಖಲಿಸಿಕೊಂಡು ಅವರನ್ನು ಸೇರಿಸಿಕೊಳ್ಳುವುದೇ ಶಾಸ್ತ್ರಕ್ಕೆ ಒಪ್ಪುವ ಮಾರ್ಗ.

ಮೂರನೆಯ ದೋಷವು ಸ್ವಯಂಸೇವಕರು ತೆರುವ ಬೆಲೆಯನ್ನು ಕುರಿತ ಮೌನ. ವಿ.ಓ.2 ಮ್ಯಾಕ್ಸ್ ಪರೀಕ್ಷೆಯ ದಿನ ಮೂಗುಬಾಯಿಗಳನ್ನು ಮುಚ್ಚುವ ಮುಖವಾಡ ಧರಿಸಿ ಸ್ಥಿರ ಸೈಕಲ್ ತುಳಿಯುತ್ತಿರುವಾಗ, ಕೆಲವು ನಿಮಿಷಗಳಿಗೊಮ್ಮೆ ತುಳಿತದ ಭಾರವನ್ನು ಏರಿಸುತ್ತಾ, ಪ್ರತಿ ಹಂತದಲ್ಲೂ ಬೆರಳ ತುದಿಯಿಂದಲೋ ಕಿವಿಯ ಹಾಲೆಯಿಂದಲೋ ಒಂದು ಹನಿ ರಕ್ತ ತೆಗೆದು, ಶ್ರಮ ತೀವ್ರವಾದಂತೆ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಎಂಬ ವಸ್ತುವನ್ನು ಅಳೆಯಲಾಗುತ್ತದೆ. ಇನ್ನು ತುಳಿಯಲಾರೆನೆಂಬ ಸ್ಥಿತಿಗೆ ಬರುವವರೆಗೂ ಇದು ನಿಲ್ಲುವುದಿಲ್ಲ. ಇದಲ್ಲದೆ ಹಿಂದಿನ ದಿನ ಕಠಿಣ ಅಭ್ಯಾಸ ಕೂಡದು, ಕಾಫಿ ಕೂಡದು, ಕೆಲವೊಮ್ಮೆ ರಾತ್ರಿಯಿಡೀ ಉಪವಾಸವಿರಬೇಕು ಎಂಬ ನಿಯಮಗಳೂ ಇರುತ್ತವೆ. ಒಬ್ಬರನ್ನೇ ಎರಡು ಬೇರೆ ಕ್ರಮಗಳಿಗೆ ಸರದಿಯಂತೆ ಒಳಪಡಿಸಿ ಹೋಲಿಸುವ ಅದಲುಬದಲು ವಿನ್ಯಾಸದಲ್ಲಿ ಈ ಕಟ್ಟುಪಾಡು ವಾರಗಟ್ಟಲೆ ಮುಂದುವರಿಯುತ್ತದೆ. ಸ್ಪರ್ಧೆಗಳ ಋತುವಿನಲ್ಲೇ ಇಂಥ ಅಧ್ಯಯನವನ್ನು ಹೂಡಿದರೆ ಹಲವರು ನಡುವೆಯೇ ಬಿಟ್ಟುಹೋಗುವುದು ಸಹಜ. ಅದಕ್ಕೆ ಸ್ವಯಂಸೇವಕರ ಬದ್ಧತೆಯನ್ನು ದೂರುವ ಬದಲು ವೇಳಾಪಟ್ಟಿಯನ್ನು ತಿದ್ದುವುದು ನ್ಯಾಯ.

ಅಮೆರಿಕದಲ್ಲಿ 1979ರ ಬೆಲ್ಮಾಂಟ್ ವರದಿಯು ಮಾನವರ ಮೇಲಿನ ಸಂಶೋಧನೆಗೆ ವ್ಯಕ್ತಿಗೌರವ, ಹಿತಸಾಧನೆ ಮತ್ತು ನ್ಯಾಯ ಎಂಬ ಮೂರು ತತ್ತ್ವಗಳನ್ನು ವಿಧಿಸಿತು. ಈ ತತ್ತ್ವಗಳ ದೃಷ್ಟಿಯಿಂದ ಉಚಿತ ಪರೀಕ್ಷೆಯೆಂಬ ಕೊಡುಗೆ ತಪ್ಪಲ್ಲ, ಏಕೆಂದರೆ ಅದು ಆಮಿಷವಾಗುವಷ್ಟು ದೊಡ್ಡದಲ್ಲ ಮತ್ತು ಪಡೆದವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ತಪ್ಪಾಗುವುದು ಅದನ್ನು ದಪ್ಪ ಅಕ್ಷರಗಳಲ್ಲಿ ಮುಂದಿಟ್ಟು, ರಕ್ತದ ಮಾದರಿ, ಭೇಟಿಗಳ ಸಂಖ್ಯೆ ಮತ್ತು ಕಳೆದುಹೋಗುವ ಅಭ್ಯಾಸದ ದಿನಗಳನ್ನು ಒಪ್ಪಿಗೆ ಪತ್ರದ ಒಳಪುಟಗಳಿಗೆ ತಳ್ಳಿದಾಗ. ಹೆಚ್ಚಿನ ಅಪಾಯವಿರುವುದು ತರಬೇತುದಾರರ ಮೂಲಕ ನಡೆಯುವ ಆಯ್ಕೆಯಲ್ಲಿ. ತಂಡದಲ್ಲಿ ಯಾರಿಗೆ ಎಷ್ಟು ಗಮನ ಕೊಡಬೇಕೆಂದು ನಿರ್ಧರಿಸುವ ವ್ಯಕ್ತಿಯೇ ಸಂಶೋಧನೆಗೆ ಸೇರಿರೆಂದು ಸೂಚಿಸಿದಾಗ ‘ಇಲ್ಲ’ ಎನ್ನುವ ಸ್ವಾತಂತ್ರ್ಯ ಕುಗ್ಗುತ್ತದೆ. ಆದ್ದರಿಂದ ತರಬೇತುದಾರರು ಮಾಹಿತಿಯನ್ನು ತಲುಪಿಸಲಿ, ಆದರೆ ಯಾರು ಒಪ್ಪಿದರು, ಯಾರು ನಿರಾಕರಿಸಿದರು ಎಂಬುದು ಅವರಿಗೆ ತಿಳಿಯದಿರಲಿ.

ಒಟ್ಟಿನಲ್ಲಿ, ಹವ್ಯಾಸಿಗಳನ್ನು ಅವಲಂಬಿಸಿದ ಸಂಶೋಧನೆ ಬೆಳೆಯಲೇಬೇಕಾದದ್ದು, ಏಕೆಂದರೆ ಕ್ರೀಡೆಯಲ್ಲಿ ತೊಡಗಿರುವ ಬಹುಸಂಖ್ಯಾತರು ಅವರೇ. ಆದರೆ ಸಾಮರ್ಥ್ಯದ ಹಂತವನ್ನು ಹೇಳದ, ಮಹಿಳೆಯರಿಗೆ ಮತ್ತು ಬಿಡುವು ಕಡಿಮೆಯಿರುವವರಿಗೆ ಬಾಗಿಲು ತೆರೆಯದ, ಶ್ರಮದ ಬೆಲೆಯನ್ನು ಮೊದಲೇ ತಿಳಿಸದ ಆಯ್ಕೆಯ ಮೇಲೆ ನಿಂತ ತೀರ್ಮಾನಗಳನ್ನು ‘ಟ್ರಯಥ್ಲೀಟರ’ ಕುರಿತ ಜ್ಞಾನವೆಂದು ಒಪ್ಪಲಾಗದು. ವಿಶ್ವವಿದ್ಯಾಲಯಗಳು ಪ್ರಯೋಗದ ಉಪಕರಣಗಳಿಗೆ ಕೊಡುವಷ್ಟೇ ಗಮನವನ್ನು ಆಹ್ವಾನದ ಪ್ರಕಟಣೆಗೂ ಕೊಡಬೇಕು, ಮತ್ತು ಅಧ್ಯಯನ ಮುಗಿದ ಮೇಲೆ ಪ್ರತಿಯೊಬ್ಬ ಸ್ವಯಂಸೇವಕನಿಗೂ ಸ್ವಯಂಸೇವಕಿಗೂ ಅವರ ಅಳತೆಗಳನ್ನು ವಿವರಣೆಯೊಡನೆ ಹಿಂದಿರುಗಿಸಬೇಕು.