ಅರ್ಧ ವಂತಿಗೆ ಕೊಡಲಾಗದ ಊರುಗಳು

ಒಂದು ಊರಿನ ಪುರಸಭೆ ಕೇಂದ್ರದ ಅನುದಾನದಿಂದ ಆಟದ ಮೈದಾನಕ್ಕೆ ಜಾಗ ಕೊಂಡಿತು ಅಥವಾ ಇರುವ ಜಾಗವನ್ನೇ ಉದ್ಯಾನವಾಗಿ ಸಿದ್ಧಪಡಿಸಿತು ಎಂದುಕೊಳ್ಳೋಣ. ಮೂವತ್ತು ವರ್ಷಗಳ ನಂತರ ಅಲ್ಲಿ ಮಾರುಕಟ್ಟೆ ಸಂಕೀರ್ಣ ಕಟ್ಟುವುದನ್ನು ತಡೆಯುವವರು ಯಾರು? ಅಮೆರಿಕದ ಭೂಮಿ ಮತ್ತು ಜಲ ಸಂರಕ್ಷಣಾ ನಿಧಿಯ ಕಾಯ್ದೆ ಇದಕ್ಕೆ ನೇರ ಉತ್ತರ ಕೊಡುತ್ತದೆ. 1964ರ ಸೆಪ್ಟೆಂಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಈ ಕಾಯ್ದೆಯಡಿ ಬರುವ ಹಣದ ಒಂದು ಪಾಲು ರಾಷ್ಟ್ರೀಯ ಉದ್ಯಾನಗಳಿಗೂ ಕಾಡುಗಳಿಗೂ ಹೋದರೆ, ಇನ್ನೊಂದು ಪಾಲು ರಾಜ್ಯಗಳ ಮೂಲಕ ಕೌಂಟಿಗಳಿಗೂ ನಗರಗಳಿಗೂ ತಲುಪುತ್ತದೆ. ಈ ಎರಡನೆಯ ಪಾಲು ಪಡೆದ ಜಾಗ ಎಂದೆಂದಿಗೂ ಸಾರ್ವಜನಿಕರ ಹೊರಾಂಗಣ ವಿಹಾರಕ್ಕೇ ಮೀಸಲು ಎನ್ನುತ್ತದೆ ಅದರ 6(ಎಫ್) ಕಲಮು. ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಅಷ್ಟೇ ಬೆಲೆಬಾಳುವ, ಉಪಯೋಗದಲ್ಲೂ ನೆಲೆಯಲ್ಲೂ ಸರಿಸಾಟಿಯಾದ ಬದಲಿ ಜಾಗವನ್ನೂ ಒದಗಿಸಬೇಕು. ಈ ನಿಧಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಕಲಮು. ಹಣ ಒಮ್ಮೆ ಬಂದು ಖರ್ಚಾಗುತ್ತದೆ, ಷರತ್ತು ಮಾತ್ರ ಚುನಾವಣೆಯಿಂದ ಚುನಾವಣೆಗೆ ಜಾಗವನ್ನು ಕಾಯುತ್ತಲೇ ಇರುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟಿದ್ದ ಜಾಗ ಖಾಸಗಿ ಆಸ್ಪತ್ರೆಗೆ ಮಂಜೂರಾದಾಗ ಅದನ್ನು ಉಳಿಸಿಕೊಳ್ಳಲು ನಿವಾಸಿಗಳು ಕೋರ್ಟು ಹತ್ತಬೇಕಾಯಿತು. ಪ್ರಕರಣ 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗುವವರೆಗೂ ಅವರು ಹೋರಾಡಿದರು. ಅಂಥ ರಕ್ಷಣೆ ಅನುದಾನದ ಕರಾರಿನಲ್ಲೇ ಬರೆದಿರುವುದು ಸಣ್ಣ ಸಂಗತಿಯಲ್ಲ.

ಷರತ್ತಿಗೂ ಮಿತಿಗಳಿವೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ಮೇಕೋಂಬ್ಸ್ ಡ್ಯಾಮ್ ಉದ್ಯಾನಕ್ಕೆ ಈ ರಕ್ಷಣೆ ಇತ್ತು. ಆದರೂ 2006ರಲ್ಲಿ ಅಲ್ಲೇ ಹೊಸ ಯಾಂಕಿ ಕ್ರೀಡಾಂಗಣದ ಕೆಲಸ ಶುರುವಾಯಿತು. ಕೇಂದ್ರ ಒಪ್ಪಿಗೆ ಕೊಟ್ಟಿತ್ತು, ಬದಲಿ ಜಾಗವೂ ಗೊತ್ತಾಗಿತ್ತು. ಕ್ರೀಡಾಂಗಣ 2009ರ ಏಪ್ರಿಲ್‌ನಲ್ಲಿ ತೆರೆಯಿತು, ಹಳೆಯ ಕ್ರೀಡಾಂಗಣವಿದ್ದ ಜಾಗದಲ್ಲಿ ಆಗಬೇಕಿದ್ದ ಮೈದಾನಗಳು ಸಿದ್ಧವಾದದ್ದು 2012ರಲ್ಲಿ. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ ನಡುವಿನ ಆರು ವರ್ಷಗಳಲ್ಲಿ ಆ ಬಡಾವಣೆಯ ಮಕ್ಕಳು ಕಳೆದುಕೊಂಡದ್ದನ್ನು ಯಾವ ಮೌಲ್ಯಮಾಪನವೂ ತುಂಬಿಕೊಡಲಾರದು. ಷರತ್ತು ಕಠಿಣವಾಯಿತು, ಸಡಿಲಿಸಿ ಎನ್ನುವವರಿಗೆ ಈ ಪ್ರಕರಣವೇ ಉತ್ತರ. ಬದಲಿ ಜಾಗ ಜನರ ಬಳಕೆಗೆ ಸಿಕ್ಕ ಮೇಲಷ್ಟೇ ಹಳೆಯದನ್ನು ಮುಚ್ಚಬೇಕೆಂದು ಷರತ್ತನ್ನು ಇನ್ನಷ್ಟು ಬಿಗಿ ಮಾಡಬೇಕಿದೆ.

ಕೊಟ್ಟ ಜಾಗವನ್ನು ಇಷ್ಟು ಎಚ್ಚರದಿಂದ ಕಾಯುವ ಕಾಯ್ದೆ, ಕೊಡುವ ಮುನ್ನ ಎದುರಿಗೆ ನಿಂತಿರುವ ಊರು ಎಂಥದ್ದೆಂದು ನೋಡುವುದೇ ಇಲ್ಲ. ನನ್ನ ಆಕ್ಷೇಪ ಇಲ್ಲಿದೆ. ಯೋಜನೆಯ ವೆಚ್ಚದಲ್ಲಿ ನಿಧಿ ಕೊಡುವುದು ಹೆಚ್ಚೆಂದರೆ ಅರ್ಧ, ಉಳಿದ ಅರ್ಧ ರಾಜ್ಯದ್ದೋ ಊರಿನದ್ದೋ ವಂತಿಗೆ. ಅದೂ ಸಾಮಾನ್ಯವಾಗಿ ಮೊದಲು ಖರ್ಚು ಮಾಡಿ, ಬಿಲ್ಲು ತೋರಿಸಿ, ಆಮೇಲೆ ಮರುಪಾವತಿ ಪಡೆಯುವ ಕ್ರಮ. ಆಸ್ತಿ ತೆರಿಗೆ ತುಂಬಿ ಬರುವ, ಅರ್ಜಿ ಬರೆಯಲು ಸಿಬ್ಬಂದಿಯಿರುವ ಊರಿಗೆ ಇದು ಸಲೀಸು. ಕಾರ್ಖಾನೆ ಮುಚ್ಚಿ ತೆರಿಗೆ ಕುಸಿದ ಊರಿಗೆ ಅದೇ ನಿಯಮ ಮುಚ್ಚಿದ ಬಾಗಿಲು. ಇದರ ಮೇಲೆ ಇನ್ನೊಂದು ಹೊರೆಯಿದೆ. ಜಾಗವನ್ನು ಶಾಶ್ವತವಾಗಿ ಸುಸ್ಥಿತಿಯಲ್ಲಿಡುವ ಹೊಣೆ ಪೂರ್ತಿ ಊರಿನದು, ಹುಲ್ಲು ಕತ್ತರಿಸಲು, ದೀಪ ಉರಿಸಲು ಈ ಅನುದಾನದಿಂದ ಒಂದು ಡಾಲರೂ ಇಲ್ಲ. ನಾನು ಮೆಚ್ಚಿದ ಶಾಶ್ವತತೆಯ ಷರತ್ತೇ ಬಡ ಊರನ್ನು ಅರ್ಜಿ ಹಾಕದಂತೆ ಹಿಂಜರಿಸುತ್ತದೆ.

ಸ್ವಂತ ಹಣ ಹಾಕಿದರೆ ಮಾತ್ರ ಊರಿಗೆ ಅಕ್ಕರೆ ಹುಟ್ಟುತ್ತದೆ, ಪುಕ್ಕಟೆ ಸಿಕ್ಕ ಉದ್ಯಾನ ಪಾಳು ಬೀಳುತ್ತದೆ ಎಂಬುದು ಅರ್ಧ ವಂತಿಗೆಯನ್ನು ಸಮರ್ಥಿಸುವವರ ಮುಖ್ಯ ವಾದ. ದಾನ ಬಂದ ಜಾಗವನ್ನೂ ವಂತಿಗೆಯಾಗಿ ಲೆಕ್ಕ ಹಿಡಿಯಬಹುದಲ್ಲ ಎಂದೂ ಅವರು ಕೇಳುತ್ತಾರೆ. ಮೊದಲ ಮಾತಿನಲ್ಲಿ ಹುರುಳಿದೆ. ಊರು ಏನನ್ನೂ ಕೊಡಬಾರದೆಂದು ನಾನೂ ಹೇಳುತ್ತಿಲ್ಲ. ಆದರೆ ಅಕ್ಕರೆಯ ಅಳತೆ ಎಲ್ಲರಿಗೂ ಶೇಕಡ 50 ಆಗಬೇಕಿಲ್ಲ. ಬಡ ಊರಿನ ಶೇಕಡ 15ರ ಹಿಂದೆ ಶ್ರೀಮಂತ ಊರಿನ ಅರ್ಧಕ್ಕಿಂತ ದೊಡ್ಡ ತ್ಯಾಗವಿರಬಹುದು. ಇನ್ನು ದಾನದ ಮಾತು. ಭೂಮಿ ದಾನ ಮಾಡಬಲ್ಲವರು ಎಲ್ಲಿ ಹೆಚ್ಚಿದ್ದಾರೋ ಅಲ್ಲಿಗೇ ಆ ಸವಲತ್ತು ಹೆಚ್ಚು ಒದಗುತ್ತದೆ. ಬೇರೆ ದಾರಿ ಅಮೆರಿಕಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. 1978ರಲ್ಲಿ ಆರಂಭವಾದ ನಗರ ಉದ್ಯಾನ ಪುನಶ್ಚೇತನ ಕಾರ್ಯಕ್ರಮ ಸಂಕಷ್ಟದಲ್ಲಿದ್ದ ನಗರಗಳಿಗೆ ದುರಸ್ತಿ ವೆಚ್ಚದ ಶೇಕಡ 70ನ್ನು ಕೇಂದ್ರದಿಂದಲೇ ಕೊಡುತ್ತಿತ್ತು. ಕಾನೂನು ಹಾಗೇ ಉಳಿದಿದೆ, 2002ರ ನಂತರ ಅದಕ್ಕೆ ಹಣವಿಟ್ಟಿಲ್ಲ. 2014ರಲ್ಲಿ ನಗರಗಳಿಗೆಂದೇ ಸಂರಕ್ಷಣಾ ನಿಧಿಯೊಳಗೆ ಬಂದ ಸ್ಪರ್ಧಾತ್ಮಕ ಅನುದಾನ ಉದ್ಯಾನವಿಲ್ಲದ ಬಡ ಬಡಾವಣೆಗಳನ್ನು ಗುರುತಿಸುವಲ್ಲಿ ಒಂದು ಹೆಜ್ಜೆ ಮುಂದಿದೆ. ಅರ್ಧ ವಂತಿಗೆಯ ನಿಯಮವನ್ನು ಅದೂ ಬಿಡಲಿಲ್ಲ.

ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಗಂಭೀರವಾದದ್ದು. ಈ ನಿಧಿಯ ಬಹುಪಾಲು ಹಣ ಬರುವುದು ತೆರಿಗೆಯಿಂದಲ್ಲ, ಸಮುದ್ರದಾಳದ ತೈಲ ಮತ್ತು ಅನಿಲದ ಗುತ್ತಿಗೆ, ರಾಜಧನಗಳಿಂದ. ವರ್ಷಕ್ಕೆ 90 ಕೋಟಿ ಡಾಲರ್ ಎಂದು 1970ರ ದಶಕದ ಕೊನೆಯಲ್ಲಿ ಗೊತ್ತುಮಾಡಿದ ಮಿತಿಯಲ್ಲಿ ಬಹುತೇಕ ವರ್ಷಗಳಲ್ಲಿ ಒಂದು ಭಾಗವಷ್ಟೇ ಕೈಗೆ ಸಿಕ್ಕಿತು, ಉಳಿದದ್ದು ಬೇರೆ ಖರ್ಚುಗಳಲ್ಲಿ ಕರಗಿತು. 1996ರಿಂದ 1999ರವರೆಗಿನ ಆಯವ್ಯಯಗಳಲ್ಲಿ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಪಾಲು ಸೊನ್ನೆ. 2020ರ ಕಾಯ್ದೆ ಪೂರ್ತಿ ಮೊತ್ತ ಪ್ರತಿವರ್ಷ ಬರುವಂತೆ ಮಾಡಿದ್ದು ದೊಡ್ಡ ಗೆಲುವು. ಆದರೆ ಬೆಲೆಯೇರಿಕೆಯ ಲೆಕ್ಕ ಹಿಡಿದರೆ ಇಂದಿನ 90 ಕೋಟಿ ಅಂದಿನ 90 ಕೋಟಿಯ ಕಾಲುಭಾಗಕ್ಕೂ ಸಮವಲ್ಲ. ಮಿತಿ ಏರಿಸದೆ ಬಡ ಊರುಗಳಿಗೆ ಹೆಚ್ಚು ಪಾಲು ಕೊಟ್ಟರೆ ಒಟ್ಟು ಯೋಜನೆಗಳ ಸಂಖ್ಯೆ ಇಳಿಯುತ್ತದೆ, ವಾರ್ಷಿಕ ವರದಿಯ ಅಂಕಿಗಳು ಸೊರಗುತ್ತವೆ. ಆ ಇಳಿಕೆಯನ್ನು ಒಪ್ಪಿಕೊಳ್ಳಬೇಕು ಎಂಬುದು ನನ್ನ ನಿಲುವು. ನಾಲ್ಕು ಉದ್ಯಾನಗಳಿರುವ ಊರಿಗೆ ಐದನೆಯದು ಸಿಗುವುದು ಒಂದೆರಡು ವರ್ಷ ತಡವಾದರೂ ಸರಿ, ಒಂದೂ ಇಲ್ಲದ ಊರಿನ ಅರ್ಜಿ ಮೊದಲು ಮಂಜೂರಾಗಲಿ, ಅದರ ವಂತಿಗೆಯನ್ನು ಆ ಊರಿನ ತೆರಿಗೆಯ ಶಕ್ತಿ ನೋಡಿ ನಿಗದಿ ಮಾಡಲಿ.