ಕೈಬಿಟ್ಟ ಜೇನು

ವೈದ್ಯದ ಇತಿಹಾಸವನ್ನು ಹಳೆಯ ಗ್ರಂಥಗಳಲ್ಲಿ ಅರಸುವವರು ಯಾವ ರೋಗಕ್ಕೆ ಯಾವ ಮದ್ದು ಹೇಳಿದೆ ಎಂಬುದನ್ನೇ ಸಾಮಾನ್ಯವಾಗಿ ಮೊದಲು ನೋಡುತ್ತಾರೆ. ಆದರೆ ಬಲ್ಲ ಮದ್ದನ್ನು ಗ್ರಂಥಕಾರನು ಏಕೆ ಕೈಬಿಟ್ಟನು ಎಂಬ ಪ್ರಶ್ನೆ ಅದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಇದರ ಅತ್ಯುತ್ತಮ ನಿದರ್ಶನಕ್ಕಾಗಿ ಆಳಂದ ಸೀಮೆಯ ಮಾದನಹಿಪ್ಪರಗಾದ ಓದುಗರು ಬಹುದೂರ ಹೋಗಬೇಕಾಗಿಲ್ಲ, ಏಕೆಂದರೆ ಅದರ ನಂಟು ಇರುವುದು ಇದೇ ಕಲಬುರಗಿ ಜಿಲ್ಲೆಯ ಕಾಗಿಣಾ ದಂಡೆಯ ಮಳಖೇಡದೊಡನೆ, ಅಂದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದೊಡನೆ.

ಒಂಬತ್ತನೆಯ ಶತಮಾನದ ಜೈನ ಮುನಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಕಲ್ಯಾಣಕಾರಕ'ದ ಕೊನೆಗೆ 'ಹಿತಾಹಿತ' ಎಂಬ ಅಧ್ಯಾಯವಿದ್ದು, ಔಷಧದಲ್ಲಿ ಮಾಂಸ ಸಲ್ಲದೆಂದು ನೃಪತುಂಗನ ಸಭೆಯಲ್ಲಿ ಮಂಡಿಸಿದ ವಾದವೇ ಅದರ ತಿರುಳು. ಆ ನೃಪತುಂಗನನ್ನು ವಿದ್ವಾಂಸರು ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷನೆಂದು ಗುರುತಿಸುತ್ತಾರೆ. ಮಾಂಸದೊಡನೆ ಮದ್ಯವನ್ನೂ ಜೇನನ್ನೂ ಈ ಜೈನ ವೈದ್ಯ ಪರಂಪರೆ ತೊರೆಯಿತು. ಇದನ್ನು ಬರಿಯ ಮತಾಚಾರವೆಂದು ಬದಿಗಿಡುವುದು ಸರಿಯಲ್ಲ. ಜೇನು ಆಯುರ್ವೇದದ ಮುಖ್ಯ ಅನುಪಾನ, ಅಂದರೆ ಮದ್ದಿನೊಡನೆ ಸೇವಿಸುವ ಪದಾರ್ಥ. ಅದನ್ನು ತೆಗೆದೊಡನೆ 'ಯೋಗ' ಎನಿಸಿಕೊಳ್ಳುವ ದ್ರವ್ಯಗಳ ಕೂಡಿಕೆಯನ್ನೇ ವೈದ್ಯನು ಮತ್ತೆ ಹೊಂದಿಸಬೇಕಾಗುತ್ತದೆ. ಆದುದರಿಂದ ಇಲ್ಲಿನ ನಿಷೇಧವು ಹೊಸ ಪ್ರಯೋಗಕ್ಕೂ ದಾರಿಯಾಯಿತೆಂದು ಓದುವುದೇ ಯುಕ್ತ. ಜೈನಾಚಾರ್ಯ ಪೂಜ್ಯಪಾದರ 'ಕಲ್ಯಾಣಕಾರಕ'ವೆಂಬ ಇದೇ ಹೆಸರಿನ ಗ್ರಂಥವನ್ನು ಆಧರಿಸಿ ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡದಲ್ಲಿ ಬರೆದ 'ಕರ್ಣಾಟಕ ಕಲ್ಯಾಣಕಾರಕ'ದಲ್ಲಿಯೂ ಚಿಕಿತ್ಸೆ ಮದ್ಯಮಾಂಸಗಳನ್ನು ಬಿಟ್ಟೇ ನಡೆಯುತ್ತದೆ.

ಉಗ್ರಾದಿತ್ಯರ ಗ್ರಂಥ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದಿ ಅನುವಾದದೊಡನೆ 1940ರಲ್ಲಿ ಅಚ್ಚಾದುದು ಸೊಲ್ಲಾಪುರದಲ್ಲಿ, ಅಂದರೆ ಆಳಂದ ಸೀಮೆಗೆ ತಾಗಿಕೊಂಡೇ ಇರುವ ಜಿಲ್ಲೆಯಲ್ಲಿ. ಇಂತಹ ಮುದ್ರಿತ ಪ್ರತಿ ದೊರೆತಾಗಲೂ ಓಲೆಗರಿಯ ಮೂಲವನ್ನು, ಇಲ್ಲವೇ ಕನಿಷ್ಠಪಕ್ಷ ಪುಟದ ಅಡಿಯ ಪಾಠಾಂತರಗಳನ್ನು, ಅಂದರೆ ಬೇರೆ ಬೇರೆ ಪ್ರತಿಗಳಲ್ಲಿ ಕಾಣುವ ಪದವ್ಯತ್ಯಾಸಗಳನ್ನು, ಬಿಡದೆ ನೋಡಬೇಕು. ಇಂತಹ ವೈದ್ಯಗ್ರಂಥಗಳು ಹೆಚ್ಚಾಗಿ ಪದ್ಯದಲ್ಲಿರುವುದರಿಂದ ಅಕ್ಷರವೊಂದು ಬಿದ್ದುಹೋದರೆ ಛಂದಸ್ಸು ಕೂಡಲೇ ಎಚ್ಚರಿಸುತ್ತದೆ, ಆದರೆ ಮಾತ್ರೆ ಕೆಡದಂತೆ ಅಕ್ಷರ ಬದಲಾದರೆ ಎಚ್ಚರಿಸುವುದಿಲ್ಲ. 'ಪಲ' ಎಂಬುದು ತೂಕದ ಅಳತೆ, 'ಫಲ' ಎಂಬುದು ಹಣ್ಣು. ಎರಡರಲ್ಲಿಯೂ ಇರುವುದು ಎರಡೇ ಲಘು, ಕನ್ನಡ ಲಿಪಿಯಲ್ಲಿ ಅವುಗಳ ನಡುವಿನ ಅಂತರ ಒಂದು ಸಣ್ಣ ಸೀಳು ಮಾತ್ರ. ಕಾವ್ಯದಲ್ಲಿ ಇಂತಹ ತಪ್ಪು ಅರ್ಥವನ್ನು ಕೆಡಿಸಿದರೆ ವೈದ್ಯದಲ್ಲಿ ಪ್ರಮಾಣವನ್ನೇ ಕೆಡಿಸುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ದಂತಹ ವಿಷವೈದ್ಯದ ಗ್ರಂಥದಲ್ಲಿ ಅದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಕಾಲಕ್ಕೆ ಬಂದರೆ ಭಾಷೆಯೇ ಬದಲಾಗುತ್ತದೆ. ಬೀದರಿನಲ್ಲಿ ಆಸ್ಪತ್ರೆ ಕಟ್ಟಿಸಿದ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದನ (1436–1458) ವಿವರ ಫರಿಶ್ತಾನ ಪಾರಸಿ ಚರಿತ್ರೆಯಲ್ಲಿದೆ. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಆ ಕಾಲದ ದಫ್ತರಗಳಿಗಾಗಿ ಹೈದರಾಬಾದಿಗೆ ಹೋಗಬೇಕು, ಉರ್ದುವನ್ನೂ ಕಲಿತಿರಬೇಕು. ಕನ್ನಡವೊಂದನ್ನೇ ನಂಬಿದವರಿಗೆ ಇಲ್ಲಿನ ವೈದ್ಯದ ಕಥೆ ಅರ್ಧಕ್ಕೇ ನಿಲ್ಲುತ್ತದೆ.

ಗ್ರಂಥಗಳು ಉಳಿಯುವುದು ಅವುಗಳನ್ನು ಕಾಯುವವರಿಂದ. ಇದೇ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಇದ್ದಿತು. ಅದರ 1058ರ ಶಾಸನವು ವೇದಕ್ಕೆ ಮೂವರು ಮತ್ತು ಶಾಸ್ತ್ರಕ್ಕೆ ಮೂವರು ಅಧ್ಯಾಪಕರನ್ನು ಹೇಳಿ, ಅವರೊಡನೆ ಆರು ಮಂದಿ ಸರಸ್ವತೀ ಭಾಂಡಾರಿಗರನ್ನು, ಅಂದರೆ ಗ್ರಂಥಪಾಲಕರನ್ನು, ಹೆಸರಿಸುತ್ತದೆ. ಓದಿಸುವವರು ಎಷ್ಟು ಮಂದಿಯೋ ಗ್ರಂಥ ಕಾಯುವವರೂ ಅಷ್ಟೇ ಮಂದಿ.