ಹೆಜ್ಜೆಯ ಮೇಲೆ ಕಟ್ಟಿದ ನಾಡು: ಸ್ಲಾವ್ ನೃತ್ಯ ಮತ್ತು ರೊಮ್ಯಾಂಟಿಕ್ ವಾದ್ಯವೃಂದ

1878ರಲ್ಲಿ ಬರ್ಲಿನ್ನಿನ ಪ್ರಕಾಶಕ ಸಿಮ್ರಾಕ್, ಹೊರಗಿನವರಿಗೆ ಇನ್ನೂ ಅಷ್ಟಾಗಿ ಗೊತ್ತಿರದ ಚೆಕ್ ಸಂಗೀತಗಾರ ಆಂಟೊನಿನ್ ಡ್ವೊರ್ಜಾಕ್‌ನಿಂದ ಎಂಟು 'ಸ್ಲಾವೊನಿಕ್ ನೃತ್ಯ'ಗಳನ್ನು ಬರೆಸಿಕೊಂಡ. ಸಂಭಾವನೆ 300 ಮಾರ್ಕ್. ಬ್ರಾಹ್ಮ್ಸ್‌ನ 'ಹಂಗೇರಿಯನ್ ನೃತ್ಯಗಳು' ಚೆನ್ನಾಗಿ ಮಾರಾಟವಾಗಿದ್ದವು. ಒಂದೇ ಪಿಯಾನೊದ ಮುಂದೆ ಇಬ್ಬರು ಕೂತು ನುಡಿಸಬಹುದಾದ ಅಂಥದೇ ಇನ್ನೊಂದು ಪುಸ್ತಕ ಸಿಮ್ರಾಕ್‌ಗೆ ಬೇಕಿತ್ತು. ವಾದ್ಯವೃಂದದ ರೂಪವೂ ಬೆನ್ನಿಗೇ ಬಂತು. ಈ ಪರಂಪರೆಯಲ್ಲಿ ನೆಲದ ಆತ್ಮವೇ ದನಿಯೆತ್ತಿತು ಎಂದು ಕೊಂಡಾಡುವವರು ಈ ವ್ಯವಹಾರವನ್ನು ಮರೆಯಬಾರದು. ಅದರಿಂದ ಸಂಗೀತದ ಬೆಲೆ ಕುಂದುವುದಿಲ್ಲ. ರಾಷ್ಟ್ರಭಾವವನ್ನು ಇಲ್ಲಿ ಕಸುಬುದಾರರು ಕೂತು ಕಟ್ಟಿದರು ಎಂಬುದು ಸ್ಪಷ್ಟವಾಗುತ್ತದೆ, ಅಷ್ಟೆ.

ಬ್ರಾಹ್ಮ್ಸ್ ಬಳಕೆಯಲ್ಲಿದ್ದ ಮಟ್ಟುಗಳನ್ನೇ ಹೆಚ್ಚಾಗಿ ಎತ್ತಿಕೊಂಡಿದ್ದ. ಡ್ವೊರ್ಜಾಕ್ ಮಟ್ಟುಗಳನ್ನು ತಾನೇ ಹೆಣೆದ. ಜನರಿಂದ ಪಡೆದದ್ದು ಲಯವನ್ನು. ಮೊದಲ ಪುಸ್ತಕದ ಆರಂಭದ ಮತ್ತು ಕೊನೆಯ ನೃತ್ಯಗಳೆರಡೂ ಫುರಿಯಂಟ್ ಎಂಬ ಚೆಕ್ ಕುಣಿತ. ಮೂರು ಎಣಿಕೆಯ ಎರಡು ಆವರ್ತನಗಳೆಂದರೆ ಆರು ಪೆಟ್ಟು. ಅವು ಮೂರು-ಮೂರಾಗಿ ಒಡೆಯಬೇಕಾದಲ್ಲಿ ಒತ್ತು ಎರಡು-ಎರಡು-ಎರಡಾಗಿ ಬೀಳುತ್ತದೆ. ಕಿವಿ ಅದಕ್ಕೆ ಒಗ್ಗುವಷ್ಟರಲ್ಲಿ ಮತ್ತೆ ಮೂರು-ಮೂರಕ್ಕೆ ಹೊರಳುತ್ತದೆ. ಈ ಜಗ್ಗಾಟ ಕುಣಿಯುವವನ ಕಾಲಿಗೆ ಸೇರಿದ್ದು. ಅದನ್ನು ನೂರಾರು ಜನ ಕೂತು ಕೇಳುವ ಸಭಾಂಗಣಕ್ಕೆ, ತಂತಿ, ತುತ್ತೂರಿ, ತಮಟೆಗಳಿಗೆ ದಾಟಿಸಿದ್ದೇ ಡ್ವೊರ್ಜಾಕ್‌ನ ಸಾಧನೆ.

ರಷ್ಯಾದಲ್ಲಿ ದಾರಿ ಬೇರೆ. ಅಲ್ಲಿನ ಸಂಗೀತಗಾರ ಗ್ಲಿಂಕಾ 1848ರ ವಾದ್ಯವೃಂದ ಕೃತಿ 'ಕಮಾರಿನ್‌ಸ್ಕಾಯಾ'ದಲ್ಲಿ ಒಂದು ಮದುವೆ ಹಾಡನ್ನೂ ಒಂದು ಕುಣಿತದ ಮಟ್ಟನ್ನೂ ಇದ್ದಂತೆಯೇ ಎತ್ತಿಕೊಂಡ. ಕುಣಿತದ ಮಟ್ಟು ಮತ್ತೆ ಮತ್ತೆ ಬರುತ್ತದೆ. ಬದಲಾಗುವುದು ಅದರ ಸುತ್ತಲಿನ ಸ್ವರಮೇಳ ಮತ್ತು ವಾದ್ಯಗಳ ಬಣ್ಣ. ಓಕ್ ಮರವಿಡೀ ಅದರ ಬೀಜದಲ್ಲಿರುವಂತೆ ರಷ್ಯನ್ ಸಿಂಫನಿ ಈ ಕೃತಿಯಲ್ಲಿದೆ ಎಂದು ಚೈಕೊವ್‌ಸ್ಕಿ ದಿನಚರಿಯಲ್ಲಿ ಬರೆದುಕೊಂಡ. ಮಾತು ನಿಜ, ಆದರೆ ಆ ಬೀಜದಲ್ಲಿ ಮಿತಿಯೂ ಇತ್ತು. ಸುತ್ತು ಹಾಕುವ ಮಟ್ಟು ಮುಂದಕ್ಕೆ ನಡೆಯುವುದಿಲ್ಲ. ಚೈಕೊವ್‌ಸ್ಕಿಯ ಎರಡನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಉಕ್ರೇನಿನ 'ಕೊಕ್ಕರೆ' ಹಾಡು ಹೊಸ ಹೊಸ ಬಣ್ಣದಲ್ಲಿ ಮಿನುಗುತ್ತದೆ, ಕೇಳುವಾಗ ಮೈ ಜುಮ್ಮೆನ್ನುತ್ತದೆ. ಆದರೂ ಬಣ್ಣ ಬದಲಾದಂತೆಲ್ಲ ವಿಚಾರ ಬೆಳೆಯಿತೆಂದು ಹೇಳಲಾಗದು.

'ಸ್ಲಾವ್ ಮನಸ್ಸು' ಎಂಬ ಒಂದೇ ಹೆಸರಿನಡಿ ಇವನ್ನೆಲ್ಲ ಕೂಡಿಸುವುದು ಇನ್ನೂ ಕಷ್ಟ. ಗ್ಲಿಂಕಾನ 1836ರ ಒಪೆರಾ 'ಝಾರ್‌ಗಾಗಿ ಪ್ರಾಣ'ದಲ್ಲಿ ರಷ್ಯನ್ನರ ಗುರುತು ಹಾಡು. ಶತ್ರುಗಳಾದ ಪೋಲರ ಗುರುತು ಮಜುರ್ಕಾ, ಪೊಲೊನೇಸ್. ಪೋಲರೂ ಸ್ಲಾವರೇ, ಅವರ ಹೆಮ್ಮೆಯ ನೃತ್ಯಗಳೇ ಇಲ್ಲಿ ಹಗೆಯ ವೇಷ ತೊಟ್ಟಿವೆ. ಚೈಕೊವ್‌ಸ್ಕಿಯ ಆ ಸಿಂಫನಿಗೆ 'ಲಿಟಲ್ ರಷ್ಯನ್' ಎಂಬ ಅಡ್ಡಹೆಸರು ಅಂಟಿತು. ಹಾಡು ಉಕ್ರೇನಿನದು, ಹೆಸರು ಆ ನಾಡಿಗೆ ರಷ್ಯನ್ ಸಾಮ್ರಾಜ್ಯ ಇಟ್ಟದ್ದು. ಒಂದು ಜನದ ಕುಣಿತವನ್ನು ಇನ್ನೊಬ್ಬರು ಯಾವ ಅಧಿಕಾರದಿಂದ ನುಡಿಸುತ್ತಾರೆ ಎಂಬ ಪ್ರಶ್ನೆಯನ್ನು ಈ ಪರಂಪರೆ ತನಗೆ ತಾನೇ ಕೇಳಿಕೊಂಡದ್ದು ಕಡಿಮೆ.

ಕೇಳಿದವರಲ್ಲಿ ಚೆಕ್ ಸಂಗೀತಗಾರ ಸ್ಮೆಟಾನಾ ಮುಖ್ಯ. ಜರ್ಮನ್‌ನಲ್ಲಿ ಓದಿ ಬೆಳೆದು, ದೊಡ್ಡವನಾದ ಮೇಲೆ ಚೆಕ್ ಬರವಣಿಗೆಯನ್ನು ಪಟ್ಟು ಹಿಡಿದು ಕಲಿತವನು ಅವನು. ಅವನ ಪ್ರಿಯ ಪೊಲ್ಕಾ ಕೂಡ ಹಳೆಯದಲ್ಲ, 1830ರ ದಶಕದಲ್ಲಿ ಹಬ್ಬಿದ್ದು. ಅಂಥ ಹೊಸ ನೃತ್ಯವನ್ನು ತನ್ನ 'ವಲ್ಟಾವಾ' ಕೃತಿಯ ನದಿದಂಡೆಯ ಮದುವೆಯಲ್ಲಿ ತಲೆತಲಾಂತರದ್ದೆಂಬಂತೆ ಕೇಳಿಸಿದ. ಡ್ವೊರ್ಜಾಕ್‌ನ ಶೀರ್ಷಿಕೆ ಮಾತ್ರ ಅವನಿಗೆ ಹಿಡಿಸಲಿಲ್ಲ: ಬರಿದೇ 'ಸ್ಲಾವ್' ಎಂದರೆ ಯಾವ ನೃತ್ಯವೆಂದು ತಿಳಿಯುವುದಿಲ್ಲ. ತನ್ನ 'ಚೆಕ್ ನೃತ್ಯ'ಗಳ ಎರಡನೆಯ ಕಂತಿನಲ್ಲಿ ಒಂದೊಂದಕ್ಕೂ ಜನ ಕರೆಯುವ ಹೆಸರನ್ನೇ ಇಟ್ಟ. ಮುಂದೆ ಯಾನಾಚೆಕ್ ಮೊರಾವಿಯಾದ ಹಳ್ಳಿಗಳಲ್ಲಿ ಹಾಡು-ಕುಣಿತ ಸಂಗ್ರಹಿಸಿ 'ಲಾಶ್ ನೃತ್ಯ'ಗಳನ್ನು ಬರೆದಾಗ ನಾಡು ಒಂದು ಸೀಮೆಯ ಮಟ್ಟಕ್ಕೆ ಇಳಿಯಿತು, ಹತ್ತಿರವಾಯಿತು.

ಹಾಗಾದರೆ ಈ ಪರಂಪರೆಯನ್ನು ಅಳೆಯುವುದು ಹೇಗೆ? ನೃತ್ಯವನ್ನು ತೆಗೆದರೆ ಕೃತಿಯ ಕಟ್ಟಡ ಕುಸಿಯುತ್ತದೆಯೇ ಎಂದು ನೋಡಬೇಕು. ಕುಸಿಯದಿದ್ದರೆ ಅದು ಅಲಂಕಾರ. ಈ ಒರೆಗಲ್ಲಿಗೆ ನಿಲ್ಲುವುದು ಡ್ವೊರ್ಜಾಕ್‌ನ 1880ರ ಆರನೆಯ ಸಿಂಫನಿ. ಬೀಥೊವನ್‌ನ ಸಾಲಿನವರು ಸ್ಕೆರ್ಟ್ಸೊ ಇಡುತ್ತಿದ್ದ ಮೂರನೆಯ ಭಾಗದಲ್ಲಿ ಅವನು ಫುರಿಯಂಟ್ ಎಂದು ಹೆಸರು ಸಮೇತ ಬರೆದ. ಆ ಭಾಗದ ನೂಕುಬಲವೆಲ್ಲ ಎರಡು-ಮೂರರ ಜಗ್ಗಾಟದಿಂದಲೇ ಬರುತ್ತದೆ. ಕೃತಿ ವಿಯೆನ್ನಾ ಫಿಲ್ಹಾರ್ಮೊನಿಕ್‌ಗೆಂದು, ಅದರ ನಿರ್ದೇಶಕ ಹಾನ್ಸ್ ರಿಕ್ಟರ್ ಕೇಳಿಕೊಂಡು ಬರೆಸಿದ್ದು. ವಿಯೆನ್ನಾದಲ್ಲಿ ಚೆಕ್ಕರ ಬಗೆಗೆ ವಿರೋಧವಿದ್ದ ವಾತಾವರಣದಲ್ಲಿ ಅಲ್ಲಿನ ಪ್ರದರ್ಶನ ಮುಂದೂಡುತ್ತಲೇ ಹೋಯಿತು. ಕೊನೆಗೆ 1881ರ ಮಾರ್ಚ್ 25ರಂದು ಪ್ರಾಗ್‌ನಲ್ಲಿ ಮೊದಲು ನುಡಿಸಲಾಯಿತು.

ಮನರಂಜನೆಯ ಪುಸ್ತಕವಾಗಿ ಪಿಯಾನೊ ಮೇಲಿದ್ದಷ್ಟು ದಿನ ಚೆಕ್ ಕುಣಿತವನ್ನು ಜರ್ಮನ್ ಮನೆಗಳು ಪ್ರೀತಿಯಿಂದ ಬರಮಾಡಿಕೊಂಡವು. ಅದೇ ಕುಣಿತ ಸಿಂಫನಿಯೊಳಗೆ ಸಮಾನ ಪೀಠ ಕೇಳಿದಾಗ ವಿಯೆನ್ನಾ ಹಿಂಜರಿಯಿತು. ಈ ಪರಂಪರೆಯ ನಿಜವಾದ ರಾಷ್ಟ್ರಭಾವ ಆ ಕೇಳಿಕೆಯಲ್ಲಿದೆ: ನಮ್ಮ ಹೆಜ್ಜೆಯಲ್ಲೂ ದೊಡ್ಡ ವಿಚಾರವನ್ನು ನಡೆಸಿಕೊಂಡು ಹೋಗುವ ಕಸುವಿದೆ ಎಂಬ ವಾದದಲ್ಲಿ. ಅದನ್ನು ಸ್ವರಗಳಲ್ಲೇ ಸಾಧಿಸಿ ತೋರಿಸಿದ ಕೃತಿಗಳು ಕೆಲವೇ ಇದ್ದರೂ, ಈ ಪರಂಪರೆಯನ್ನು ಅವುಗಳ ಎತ್ತರದಿಂದಲೇ ಅಳೆಯಬೇಕು.